ಗೋಡೆಯ ಮೇಲಿನ ಫೋನು

ನಮ್ಮ ಮನೆಯ ತೊಟ್ಟಿಯಲ್ಲಿ ಅರ್ಧ ಆಕಾಶ ನಮ್ಮದು, ಇನ್ನರ್ಧ ಚಿಕ್ಕಪ್ಪನದು. ಕ್ಯಾತನಹಳ್ಳಿಯ ಕಡೆಯ ನಮ್ಮೂರಿನಲ್ಲಿ ತಾತ ಕಟ್ಟಿಸಿದ್ದ ಮನೆ ಅದು. ನಾಲ್ಕೂ ಕಡೆ ಹೆಂಚಿನ ಇಳಿಜಾರು, ನಡುವೆ ಬಿಸಿಲು ಮಳೆ ನೇರವಾಗಿ ಬೀಳುವ ಬಯಲು. ಅಣ್ಣತಮ್ಮಂದಿರು ಪಾಲಾದಾಗ ಆ ಬಯಲಿನ ನಟ್ಟನಡುವೆ ಚಿಕ್ಕಪ್ಪ ಇಟ್ಟಿಗೆಯ ಗೋಡೆಯೊಂದನ್ನು ಎಬ್ಬಿಸಿದ್ದ. ಗಾರೆ ಕಾಣದ ಆ ಗೋಡೆ ಅವ್ವ ಕೈಯೆತ್ತಿದರೆ ನೆತ್ತಿ ಸಿಗುವಷ್ಟು ಎತ್ತರವಿತ್ತು. ಅದು ತಡೆದದ್ದು ನೋಟವನ್ನು ಮಾತ್ರ. ಒದ್ದೆ ಸೌದೆಯ ಹೊಗೆ, ಬಸ್ಸಾರಿನ ಒಗ್ಗರಣೆ, ಮುದ್ದೆಯ ಮಡಕೆಯಲ್ಲಿ ತಿರುಗುವ ಹಿಟ್ಟಿನ ಕೋಲಿನ ಸದ್ದು, ಚಿಕ್ಕಪ್ಪನ ಬೆಳಗಿನ ಕೆಮ್ಮು, ಎಲ್ಲವೂ ಗೋಡೆಯನ್ನು ಲೆಕ್ಕಿಸದೆ ಈಚೆಗೆ ಬರುತ್ತಿದ್ದವು. ನಮ್ಮವೂ ಆಚೆಗೆ ಹೋಗುತ್ತಿದ್ದವು. ನಮ್ಮ ಕೋಳಿ ಅತ್ತ ಹಾರಿ ಮೊಟ್ಟೆಯಿಟ್ಟರೆ ಆ ಮೊಟ್ಟೆ ಸಂಜೆಯೊಳಗೆ ಗೋಡೆಯ ನೆತ್ತಿಯ ಮೇಲೆ ಬಂದು ಕೂರುತ್ತಿತ್ತು. ಗಾಳಿಗೆ ಹಾರಿ ಈಚೆ ಬಿದ್ದ ಚಿಕ್ಕಪ್ಪನ ಟವಲನ್ನು ಅವ್ವ ಮಡಿಸಿ ಅದೇ ಜಾಗದಲ್ಲಿ ಇಡುತ್ತಿದ್ದಳು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ನೆತ್ತಿಯ ಮೇಲೆ ಇದ್ದದ್ದನ್ನು ಅದು ಯಾರದೋ ಅವರು ತೆಗೆದುಕೊಳ್ಳುತ್ತಿದ್ದರು.

ಎರಡು ಮನೆಗಳ ನಡುವೆ ಮಾತು ಬಿಟ್ಟುಹೋದದ್ದು ಆಲೆಮನೆಯ ಸರದಿಯಿಂದ. ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆ ಪಾಲಾದ ಮೇಲೂ ಇಬ್ಬರಿಗೂ ಸೇರಿದ್ದಾಗಿತ್ತು. ಒಂದು ವರ್ಷ ಯಾರ ಕಬ್ಬು ಮೊದಲು ಎಂಬ ಮಾತು ಬೆಳೆದು, ಕಡಿದು ಹಾಕಿದ್ದ ಚಿಕ್ಕಪ್ಪನ ಕಬ್ಬು ಬಿಸಿಲಿಗೆ ಒಣಗಿ ಹಗುರಾಯಿತು. ಆ ಸಿಟ್ಟಿನಲ್ಲಿ ಅವನು ಮಜ್ಜಿಗೆಯ ಚೆಂಬು ಹಿಡಿದು ಪಕ್ಕದಲ್ಲಿ ನಿಂತಿದ್ದ ತನ್ನ ಒಬ್ಬಳೇ ಮಗಳು ಜಯಕ್ಕನ ತಲೆಯ ಮೇಲೆ ಕೈಯಿಟ್ಟುಬಿಟ್ಟ.

"ಈ ನನ್ನ ಮಗಳಾಣೆಗೂ ಏಳ್ತೀನಿ, ಇವತ್ತಿಂದ ನಿನ್ ಒಸಲು ತುಳಿಯಾಕಿಲ್ಲ, ನಿಮ್ಮನೇರ ಕುಟೆ ಮಾತಾಡಾಕಿಲ್ಲ. ನನ್ನ ಎಂಡ್ತಿ ಮಾತಾಡುದ್ರೂ ಅಷ್ಟೇ, ಆ ಪಾಪ ಇವಳ ತಲೆಗೇ ಬರ್ಲಿ!"

ಹೀಗೆ ಇಟ್ಟ ಆಣೆಯನ್ನು ಇಟ್ಟವನೇ ದೇವರ ಮುಂದೆ ನಿಂತು ಬಿಡಿಸಬೇಕು, ಬೇರೆಯವರು ಬಿಡಿಸಲಾಗದು. ಚಿಕ್ಕಪ್ಪ ಬಿಡಿಸಲಿಲ್ಲ. ಜಯಕ್ಕನೆಂದರೆ ನನ್ನ ಅವ್ವನಿಗೆ ಪ್ರಾಣ. ನಾನು ಹುಟ್ಟುವ ಮುನ್ನ ಅವಳನ್ನು ಕಂಕುಳಲ್ಲಿ ಹೊತ್ತು ಆಡಿಸಿದವಳು ಅವ್ವನೇ. ಆದುದರಿಂದ ಚಿಕ್ಕವ್ವ ಮಾತಾಡಲಿಲ್ಲ, ಅವ್ವನೂ ಮಾತಾಡಿಸಲಿಲ್ಲ. ಊರಿನವರು ಅದನ್ನು ಹಗೆ ಎಂದು ತಿಳಿದರು. ಆ ಇಬ್ಬರು ಹೆಂಗಸರು ಬಾಯಿ ಕಟ್ಟಿಕೊಂಡದ್ದು ಒಂದು ಹುಡುಗಿಯ ತಲೆ ತಣ್ಣಗಿರಲಿ ಎಂಬುದಕ್ಕಾಗಿ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷಗಳೇ ಬೇಕಾದವು.

ಆದರೆ ಒಂದೇ ಸೂರಿನ ಎರಡು ಮನೆಗಳು ಒಂದಕ್ಕೊಂದು ಏನನ್ನೂ ತಿಳಿಸದೆ ಬಾಳುವುದು ಆಗದ ಮಾತು. ನಾಲೆಗೆ ನೀರು ಬಿಟ್ಟರೆ, ದಾಯಾದಿಗಳಲ್ಲಿ ಸಾವಾಗಿ ಸೂತಕ ಬಂದರೆ, ತೋಟಕ್ಕೆ ದನ ನುಗ್ಗಿದರೆ ಹೇಳಲೇಬೇಕು. ಅದಕ್ಕೆ ನಮ್ಮ ಸೀಮೆಯಲ್ಲಿ ಮಾತು ಬಿಟ್ಟವರೆಲ್ಲ ಹಿಡಿಯುವ ದಾರಿಯನ್ನೇ ಇವರೂ ಹಿಡಿದರು. ಅವ್ವ ಗೋಡೆಗೆ ಹೊಂದಿಕೊಂಡಿದ್ದ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಹೇಳುವಳು. ಆಚೆ ಚಿಕ್ಕವ್ವ ಕೋಳಿಗಳಿಗೆ ಉತ್ತರ ಕೊಡುವಳು. ಚಿಕ್ಕಪ್ಪನಿಗೆ ಅವನ ಎತ್ತು ಇತ್ತು. ಎಮ್ಮೆಗೆ ಹೇಳಿದ್ದು ಮಾತಾಡಿದಂತಲ್ಲ ಎಂಬುದನ್ನು ಎರಡೂ ಮನೆಯವರು ಒಪ್ಪಿದ್ದರು, ದೇವರೂ ಒಪ್ಪಿದ್ದಾನೆಂದು ನಂಬಿದ್ದರು. ಮುಂದೆ ನಾನು ಶಾಲೆಯಲ್ಲಿ ಕನ್ನಡ ಕಲಿಸಿದ ವರ್ಷಗಳಲ್ಲಿ ಯಾರು ಯಾರಿಗೆ ಹೇಳಿದರೆಂಬುದು ತಿಳಿಯದ ವಾಕ್ಯವನ್ನು ಒಪ್ಪುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ. ಮಕ್ಕಳು ಅದನ್ನು ಮೇಡಂ ಅವರ ವ್ಯಾಕರಣದ ಹುಚ್ಚು ಎಂದುಕೊಂಡರು. ನಾನು ಅವರಿಗೆ ಎಮ್ಮೆಯ ವಿಷಯ ಹೇಳಲಿಲ್ಲ.

ನಮ್ಮ ಮನೆಗೆ ಫೋನು ಬಂದದ್ದು ಈ ಮೌನದ ನಡುವೆ. ಪ್ರತಿ ಹಳ್ಳಿಗೂ ಒಂದು ಫೋನು ಕೊಡುವ ಸರ್ಕಾರದ ಯೋಜನೆಯಲ್ಲಿ ಇಲಾಖೆಯವರು ಊರಿಗೆ ಬಂದು, ಕರೆಂಟು ಇರುವ, ಹಗಲೆಲ್ಲ ಯಾರಾದರೂ ಇರುವ ಮನೆ ಯಾವುದೆಂದು ಕೇಳಿದರು. ಅಪ್ಪ ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಕಾರಣಕ್ಕೆ ಊರ ಹಿರಿಯರು ನಮ್ಮ ಮನೆಯನ್ನು ತೋರಿಸಿದರು. ಯಾರಿಗೆ ಕರೆ ಬಂದರೂ ಅವರನ್ನು ಮನೆಯಿಂದ ಕರೆಸಿ ಮಾತಾಡಿಸಬೇಕೆಂಬುದು ಇಲಾಖೆಯ ಷರತ್ತು. ಕಪ್ಪು ಫೋನನ್ನು ನಡುಮನೆಯ ಕಂಬದ ಪಕ್ಕ ಮೇಜಿನ ಮೇಲೆ ಕೂರಿಸಿ, ಬಂದಿದ್ದ ಅಧಿಕಾರಿ ಜಗುಲಿಯಲ್ಲಿ ಸೇರಿದ್ದ ಜನರಿಗೆ ಒಂದು ಸಣ್ಣ ಭಾಷಣವನ್ನೇ ಮಾಡಿದರು. ಇನ್ನು ಮೇಲೆ ದೂರವೆಂಬುದೇ ಇರುವುದಿಲ್ಲ, ಹಳ್ಳಿಯೂ ದಿಲ್ಲಿಯೂ ಅಕ್ಕಪಕ್ಕದ ಮನೆಗಳಿದ್ದಂತೆ ಎಂದರು. ಗೋಡೆಯಾಚೆ ಚಿಕ್ಕಪ್ಪ ಎತ್ತಿಗೆ ಹುಲ್ಲು ಹಾಕುತ್ತ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಅಕ್ಕಪಕ್ಕದ ಮನೆಗಳು ಹೇಗಿರುತ್ತವೆ ಎಂಬುದನ್ನು ಆ ಅಧಿಕಾರಿಗೆ ಯಾರೂ ಹೇಳಿರಲಿಲ್ಲ.

ಆ ವೇಳೆಗೆ ಜಯಕ್ಕನ ಮದುವೆಯಾಗಿತ್ತು. ನಾಗಮಂಗಲದ ಆಚೆ ಹೊಣಕೆರೆಯ ಬಳಿಯ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಮದುವೆಯಾದ ಹೆಣ್ಣು ಬೇರೆ ಮನೆಯವಳಾದ್ದರಿಂದ ನಮ್ಮೊಡನೆ ಮಾತಾಡಲು ಅವಳಿಗೆ ಅಡ್ಡಿಯಿರಲಿಲ್ಲ. ವಾರಕ್ಕೊಮ್ಮೆ ಅವಳು ರಾಗಿ ಬೀಸಿಸಲು ಹೊಣಕೆರೆಯ ಮಿಲ್ಲಿಗೆ ಬರುತ್ತಿದ್ದಳು. ಮಿಲ್ಲಿನ ಪಕ್ಕದ ಅಂಗಡಿಯಲ್ಲಿ ಫೋನು ಇತ್ತು. ರಾಗಿ ಹಿಟ್ಟಾಗುವಷ್ಟು ಹೊತ್ತು ಅವಳಿಗೆ ಬಿಡುವು. ನಮ್ಮ ಮನೆಯ ಫೋನು ಬಡಿದುಕೊಂಡಾಗ ನಾನು ಎತ್ತಿಕೊಳ್ಳುತ್ತಿದ್ದೆ. ಮೊದಲು ಮಿಲ್ಲಿನ ಬೆಲ್ಟಿನ ಸದ್ದು, ಆಮೇಲೆ ಅದರ ಒಳಗಿನಿಂದ ಜಯಕ್ಕನ ದನಿ. ಅವಳ ತಾಯಿ ಇದ್ದದ್ದು ನನ್ನಿಂದ ಹತ್ತು ಹೆಜ್ಜೆಯ ಆಚೆ, ಗೋಡೆಯ ಹಿಂದೆ. ಚಿಕ್ಕವ್ವ ನಮ್ಮ ಹೊಸಿಲು ದಾಟಿ ಬರುವಂತಿರಲಿಲ್ಲ. ನಾನು ಕೇಳಿದ್ದನ್ನು ನಡುಮನೆಯಿಂದ ಕೂಗುವೆನು, ಅವ್ವ ಅದನ್ನು ಕೊಟ್ಟಿಗೆಗೆ ಒಯ್ಯುವಳು, ಜಯಕ್ಕನನ್ನು ಮಗ ಎಂದೇ ಕರೆದು.

"ಏನೇ ಎಮ್ಮೆ, ಕೇಳುಸ್ಕಂಡ್ಯಾ? ಒಣಕೆರೆಯಿಂದ ಪೋನ್ ಬಂದದೆ. ಮಗ ಚೆಂದಾಗದಂತೆ. ಉಣ್ಣಕ್ಕೆ ಉಡಕ್ಕೆ ಏನೂ ಕಮ್ಮಿಯಿಲ್ವಂತೆ."

ಆಚೆಯಿಂದ ಚಿಕ್ಕವ್ವ ಕಾಳು ಚೆಲ್ಲುವ ಸದ್ದು.

"ಬಾ ಬಾ ಬಾ… ನೋಡಿದ್ಯಾ ಕೋಳಿ, ಆ ಮಗೀಗೆ ಕೆಮ್ಮಿತ್ತಲ್ಲ, ವಾಸಿಯಾಯ್ತೋ ಇಲ್ವೋ, ಕೇಳೋರು ಯಾರವ್ರೆ?"

"ಸುಸೀ, ಕೆಮ್ಮು ವಾಸಿಯಾಯ್ತಾ ಕೇಳಮ್ಮಿ! ಬಿರ್ರನೆ ಕೇಳು, ಮಿಲ್ಲು ನಿಂತೋಯ್ತದೆ!" ಎಂದು ಅವ್ವ ನನ್ನನ್ನು ಕೂಗುವಳು.

ಬೀದಿಗೆಲ್ಲ ಇದು ತಮಾಷೆಯಾಗಿತ್ತು. ಎದುರು ಮನೆಯ ಪುಟ್ಟಸ್ವಾಮಣ್ಣ ಡೈರಿಗೆ ಹಾಲಿನ ಕ್ಯಾನು ಹಿಡಿದು ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತೇ ಹೋಗುತ್ತಿದ್ದ.

"ಅತ್ತಿಗ್ಯವ್ವ, ನಿಮ್ಮೆಮ್ಮೆಗೆ ಗೊತ್ತಿರೋ ಸುದ್ದಿ ಪಂಚಾಯ್ತಿ ಮೆಂಬರಿಗೂ ಗೊತ್ತಿಲ್ಲ ಕಣಿ. ಈ ಸಲ ಅದನ್ನೇ ಎಲೆಕ್ಷನ್ನಿಗೆ ನಿಲ್ಸಿ!"

"ನಿಲ್ಸಾನ ಬುಡಪ್ಪ, ನಿನ್ನಂಗೆ ಬಾಗ್ಲಲ್ಲಿ ನಿಂತ್ಕಂಡು ಕದ್ದು ಕೇಳಾಕಿಲ್ಲ ಅದು," ಎಂದು ಅವ್ವ ಸಗಣಿಯ ಕೈಯನ್ನು ತೋರಿಸುತ್ತಿದ್ದಳು.

ನಾನೂ ನಗುತ್ತಿದ್ದೆ. ಒಂದು ಸಂಗತಿಯನ್ನು ಮಾತ್ರ ನಾವು ಯಾರೂ ಗಮನಿಸಲಿಲ್ಲ. ಗೋಡೆ ದಾಟುವಷ್ಟು ಗಟ್ಟಿಯಾಗಿ ಹೇಳಿದ್ದು ಬೀದಿಯನ್ನೂ ದಾಟುತ್ತದೆ. ಬೀದಿ ಕೇಳಬಹುದಾದದ್ದನ್ನಷ್ಟೇ ಎಮ್ಮೆಗೆ ಹೇಳಲು ಸಾಧ್ಯ. ಇದು ಜಯಕ್ಕನಿಗೆ ನಮಗಿಂತ ಮೊದಲು ಹೊಳೆದಿರಬೇಕು. ವಾರ ಕಳೆದಂತೆ ಅವಳ ಮಾತುಗಳು ಚಿಕ್ಕವಾಗುತ್ತ ಬಂದು, ಕೊನೆಗೆ ಅವಳು ಹೇಳುವುದು ಒಂದೇ ಮಾತಾಯಿತು: ಚೆಂದಾಗಿವ್ನಿ. ಅದನ್ನು ನಾನು ಕೂಗುತ್ತಿದ್ದೆ, ಅವ್ವ ಎಮ್ಮೆಗೆ ಹೇಳುತ್ತಿದ್ದಳು, ಕೋಳಿಗಳು ಕಾಳು ತಿನ್ನುತ್ತಿದ್ದವು.

ಒಂದು ವಾರ ಅವಳು ಅವ್ವನನ್ನೇ ಕರೆ ಎಂದಳು. ಅವ್ವ ರಿಸೀವರನ್ನು ಕಿವಿಗಿಟ್ಟುಕೊಂಡಾಗ ನಾನು ಅವಳ ತೋಳಿಗೆ ಒರಗಿ ನಿಂತಿದ್ದೆ. ಮಿಲ್ಲಿನ ಸದ್ದಿನ ನಡುವೆಯೂ ಮಾತು ನನಗೆ ಕೇಳುತ್ತಿತ್ತು.

"ದೊಡ್ಡವ್ವ, ಇದನ್ನ ಎಮ್ಮೆಗೆ ಏಳ್ಬೇಡ."

"ಏನವ್ವ? ಏನಾಯ್ತು?"

"ನನ್ನ ಕೈಲಿ ಇಲ್ಲಿ ಇರಕ್ಕಾಯ್ತಿಲ್ಲ. ಕೈ ಮಾಡ್ತಾನೆ. ದಿನಾ ಮಾಡ್ತಾನೆ. ಅವ್ವನ ಕುಟೆ ನಾನು ಒಂದ್ಸಲ ಮಾತಾಡ್ಬೇಕು. ಅವ್ವ ಬಾ ಅಂದ್ರೆ ಬಂದ್ಬುಡ್ತೀನಿ."

"ನಾನು ಅಂತೀನಿ ಕಣವ್ವ, ಬಾ. ಈಗ್ಲೇ ಬಾ."

"ನೀನಂದ್ರೆ ಆಗಾಕಿಲ್ಲ ದೊಡ್ಡವ್ವ. ನಿಮ್ಮನೆಗೆ ಬಂದ್ರೆ ನಮ್ಮಪ್ಪ ನನ್ನೂ ಗೋಡೆಯಿಂದಾಚೆಗೆ ಮಡುಗ್ತಾನೆ. ಯಾರ ಕೈಲೂ ಏಳಿ ಕಳುಸ್ಬೇಡ, ಊರೆಲ್ಲಾ ಆಯ್ತದೆ. ಬರೋ ವಾರ ಇದೇ ಒತ್ಗೆ ಬತ್ತೀನಿ. ಅವ್ವನ್ನ ಪೋನಿನ ತಾವ ನಿಲ್ಸು."

ಗಂಡನ ಮನೆಯಿಂದ ಹೆಣ್ಣು ತವರಿನವರು ಕರೆಯದೆ ಬಂದರೆ ಅದು ಬರುವುದಲ್ಲ, ಬಿಟ್ಟು ಬರುವುದು; ಆ ಮೇಲೆ ಎರಡು ಕಡೆಯ ಬಾಗಿಲೂ ಕಷ್ಟ. ತಾಯಿಯಾದವಳು ಬಾ ಎಂದರೆ ಮಾತ್ರ ಅದಕ್ಕೊಂದು ದಾರಿಯಾಗುತ್ತಿತ್ತು. ಎರಡು ಅಕ್ಷರವೂ ಇಲ್ಲದ ಆ ಮಾತಿಗಾಗಿ ಜಯಕ್ಕ ಕೇಳಿದ್ದು. ಅಂದು ಅವ್ವ ಕೊಟ್ಟಿಗೆಗೆ ಹೋದಳು, ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತಳು, ಏನೂ ಹೇಳದೆ ಹಿಂದಿರುಗಿದಳು. ಆಚೆ ಚಿಕ್ಕವ್ವ ಕಾಳಿನ ಮೊರ ಹಿಡಿದು ಕಾದಿದ್ದಳೆಂಬುದು ಮೊರದ ಸದ್ದಿನಿಂದ ತಿಳಿಯುತ್ತಿತ್ತು. ಅಪ್ಪ ಗದ್ದೆಯಿಂದ ಬಂದ ಮೇಲೆ ಒಲೆಯ ಮುಂದೆ ಇಬ್ಬರಿಗೂ ಜಗಳವೇ ಆಯಿತು. ಪಿಸುಮಾತಿನಲ್ಲಿ ಆಡುವ ಜಗಳ.

"ಆಣೆಗೀಣೆ ಅಂತ ಕೂತ್ಕಂಡ್ರೆ ಮಗ ಸತ್ತೋಯ್ತದೆ ಅಲ್ಲಿ. ಗದ್ದೆ ತಾವ ಸಿಕ್ದಾಗ ಏಳ್ಬುಡು," ಎಂದ ಅಪ್ಪ.

"ಆಣೆ ಇರೋದು ಅದರ ತಲೆ ಮ್ಯಾಲೇ ಅಲ್ವಾ? ನಾನು ಬಾಯಿ ಬುಟ್ಟು, ನಾಳೀಕೆ ಅದ್ಕೇನಾದ್ರೂ ಆದ್ರೆ?"

"ಅದೆಲ್ಲಾ ಸುಳ್ಳು ಕಣೆ."

"ಸುಳ್ಳಾದ್ರೆ ನೀವೇ ಓಗಿ ತಮ್ಮನ್ನ ಮಾತಾಡ್ಸಿ. ಓಗಿ. ನಾಕು ಮಾರಿಲ್ಲ."

ಅಪ್ಪ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದು ಮುರಿದು ಸಣ್ಣದು ಮಾಡಿದ. ಓದಿದವನಾದ್ದರಿಂದ ಅವನಿಗೆ ಆಣೆಯಲ್ಲಿ ನಂಬಿಕೆಯಿರಲಿಲ್ಲ. ದೊಡ್ಡಪ್ಪನಾದ್ದರಿಂದ ಅದನ್ನು ಪರೀಕ್ಷಿಸುವ ಧೈರ್ಯವಿರಲಿಲ್ಲ. ಕೊನೆಗೆ ಅವನಿಗೆ ಹೊಳೆದದ್ದು ಗೋಡೆಯ ನೆತ್ತಿ. ಚಿಕ್ಕವ್ವ ಫೋನಿನ ಬಳಿಗೆ ಬರಲಾರಳಾದರೆ ಫೋನೇ ಅವಳ ಬಳಿಗೆ ಹೋಗಬಹುದು. ಮರುದಿನ ಅವನು ಪಾಂಡವಪುರದಿಂದ ಲೈನ್‌ಮ್ಯಾನನ್ನು ಕರೆತಂದ.

"ಗೋಡೆ ಮ್ಯಾಲಾ ಗೌಡ್ರೆ? ಸಾಹೇಬ್ರು ಬಂದು ಕೇಳುದ್ರೆ ಏನೇಳನ?"

"ಒಳ್ಗೆ ಗದ್ಲ, ಕೇಳ್ಸಾಕಿಲ್ಲ ಅನ್ನು."

"ನಿಮ್ಮನೇಲಿ ಗದ್ಲ ಇರೋದೇ ಈಚೆ ಕಡೆ ಅಂತಾರಲ್ಲ ಜನ," ಎಂದು ನಗುತ್ತ ಅವನು ಉದ್ದದ ತಂತಿಯನ್ನು ಎಳೆದುಕೊಟ್ಟ. ತಂತಿ ಗೋಡೆಯ ಮೇಲೆ ಹತ್ತಿದ್ದೇ ತಡ, ಆಚೆಯಿಂದ ಚಿಕ್ಕಪ್ಪನ ದನಿ ಬಂತು.

"ಏನ್ಲಾ ಬಸವ, ನಾನು ಕಟ್ಸಿದ್ ಗೋಡೆ ಮ್ಯಾಲೆ ಯಾರೋ ದಾರ ಎಳೀತಾವ್ರಲ್ಲ!"

ಅವ್ವ ಕೊಟ್ಟಿಗೆಗೆ ಓಡಿದಳು.

"ಪೋನು ಯಾರ ಮನೇದೂ ಅಲ್ಲ ಕಣೇ ಎಮ್ಮೆ, ಸರ್ಕಾರದ್ದು. ಸರ್ಕಾರದ ಕಂಬ ಎಲ್ಲಾರ ಗದ್ದೇಲೂ ನಿಂತದೆ, ಅವಾಗ ಯಾರೂ ಕೇಳಾಕಿಲ್ಲ. ಬರೋ ವಾರ ಸಾಯಂಕಾಲ ಮಗ ಪೋನ್ ಮಾಡ್ತದಂತೆ. ತನ್ನವ್ವನ ಕುಟೆ ತಾನೇ ಮಾತಾಡ್ಬೇಕಂತೆ."

ಆಚೆಯಿಂದ ಎತ್ತಿನ ಬೆನ್ನು ತಟ್ಟಿದ ಸದ್ದು.

"ಸರ್ಕಾರದ್ದಾದ್ರೆ ಇದ್ಕಳ್ಳಿ ಬುಡ್ಲಾ ಬಸವ."

ಅವ್ವ ಆ ಸಂಜೆ ದೇವರ ಮುಂದೆ ಎರಡು ದೀಪ ಹಚ್ಚಿದಳು. ಇಷ್ಟು ಸುಲಭವಾಗಿ ಆಗಬಹುದಾದದ್ದು ಇಷ್ಟು ದಿನ ಏಕೆ ಹೊಳೆಯಲಿಲ್ಲವೆಂದು ಅಪ್ಪ ತನ್ನನ್ನು ತಾನೇ ಬೈದುಕೊಂಡ. ಒಂದನ್ನು ನಾವು ಎಣಿಸಿರಲಿಲ್ಲ. ಚಿಕ್ಕಪ್ಪನಿಗೆ ವಿಷಯ ಗೊತ್ತಿರಲಿಲ್ಲ. ಮಗಳು ತಾನೇ ತಾನಾಗಿ ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಾಳೆಂಬುದು ಅವನಿಗೆ ದೊಡ್ಡ ಹೆಮ್ಮೆಯಾಗಿತ್ತು. ಆ ದಿನ ಅವನು ಒಗೆದ ಅಂಗಿ ತೊಟ್ಟು, ಬೀದಿಯವರನ್ನು ಕರೆದಿದ್ದ. ನಾನು ಫೋನನ್ನು ನೆತ್ತಿಯ ಮೇಲಿಡಲೆಂದು ಬೋರಲು ಹಾಕಿದ ಬಾನಿಯನ್ನು ಹತ್ತಿ ನಿಂತಾಗ ಗೋಡೆಯಾಚೆಯ ತೊಟ್ಟಿಯನ್ನು ಮೊದಲ ಬಾರಿಗೆ ಕಂಡೆ. ಅದು ನಮ್ಮದರಂತೆಯೇ ಇತ್ತು. ಅದೇ ಕಂಬಗಳು, ಅದೇ ಕಲ್ಲು ಹಾಸು, ಎಲ್ಲವೂ ಎಡಬಲ ಬದಲಾಗಿ. ಕಂಬಕ್ಕೊರಗಿ ಚಾಪೆಯ ಮೇಲೆ ಪುಟ್ಟಸ್ವಾಮಣ್ಣ, ಡೈರಿಗೆ ಹೊರಟ ಇಬ್ಬರು ಹೆಂಗಸರು, ಅವರ ಮಧ್ಯೆ ಎಲೆಯಡಿಕೆಯ ತಟ್ಟೆ ಇಟ್ಟುಕೊಂಡು ಚಿಕ್ಕಪ್ಪ. ಈಚೆ ಅವ್ವ ನನ್ನ ಲಂಗದ ಅಂಚನ್ನು ಹಿಡಿದು ನಿಂತಿದ್ದಳು. "ಯಾರವ್ರೆ?" ಎಂದು ಕಣ್ಣಿನಲ್ಲೇ ಕೇಳಿದಳು. ನಾನು ಕೈಯಗಲಿಸಿ ತೋರಿಸಿದೆ. ಅವ್ವನ ಮುಖ ಇಳಿಯಿತು. ಅವರನ್ನು ಏಳಿಸಿ ಕಳಿಸೆಂದು ಯಾವ ಎಮ್ಮೆಗೆ ಹೇಳಬೇಕು?

ಫೋನು ಬಡಿಯಿತು. ಚಿಕ್ಕವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ರಿಸೀವರನ್ನು ತಲೆಕೆಳಗಾಗಿ ಹಿಡಿದಳು. ನಾನು ಮಾತಾಡುವಂತಿರಲಿಲ್ಲ; ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದೆ. ಅವಳು ತಿರುಗಿಸಿಕೊಂಡಳು.

"ಊ… ಜಯಾ. ಊ ಕಣವ್ವ, ನಾನೇ. ಉಂಡ್ಯಾ?"

ಆ ಮೇಲೆ ಅವಳು ಕೇಳುತ್ತ ನಿಂತಳು. ಅವಳ ಮುಖ ನನ್ನ ಮುಖದಿಂದ ಒಂದು ಮೊಳದ ದೂರದಲ್ಲಿತ್ತು. ಮಾತು ಅವಳ ಕಿವಿಗೆ ಬೀಳುವುದನ್ನು ನಾನು ಅಲ್ಲಿ ಕಂಡೆ.

"ಜೋರಾಗಿ ಮಾತಾಡಕ್ಕ, ಒಣಕೆರೆ ಬಲು ದೂರ!" ಎಂದ ಪುಟ್ಟಸ್ವಾಮಣ್ಣ. ಎಲ್ಲರೂ ನಕ್ಕರು.

"ಏನಂತೆ?" ಎಂದ ಚಿಕ್ಕಪ್ಪ ಅಡಿಕೆ ಜಗಿಯುತ್ತ. "ಏನಂತೆಯೇ? ಏಳು, ಇವ್ರೂ ಕೇಳ್ಲಿ."

ಚಿಕ್ಕವ್ವ ಗಂಡನನ್ನು ನೋಡಿದಳು, ಚಾಪೆಯ ಮೇಲಿದ್ದವರನ್ನು ನೋಡಿದಳು, ಗೋಡೆಯ ಮೇಲೆ ತಲೆ ಇಟ್ಟಿದ್ದ ನನ್ನನ್ನು ನೋಡಿದಳು.

"ಚೆಂದಾಗವ್ಳಂತೆ," ಎಂದಳು.

ಮತ್ತೆ ಫೋನಿಗೆ ಬಾಯಿ ತಂದಳು. "ಊ… ನೋಡಾನ ಕಣವ್ವ. ಅಬ್ಬಕ್ಕೆ ಕರೆಯಕ್ಕೆ ಕಳುಸ್ತೀವಿ. ಅಲ್ಲೀಗಂಟ… ಅಲ್ಲೀಗಂಟ ಒಸಿ ಉಸಾರಾಗಿರು."

"ಇಲ್ ಕೊಡು, ನಾನೂ ಮಾತಾಡ್ತೀನಿ," ಎಂದು ಚಿಕ್ಕಪ್ಪ ಎದ್ದು ಬಂದು ರಿಸೀವರು ಕಿತ್ತುಕೊಂಡ. "ಅಲೋ! ಜಯಾ! ಆ ಕಡೆ ಮಳೆ ಎಂಗವ್ವ? ಅಲೋ!" ಆ ಕಡೆಯಲ್ಲಿ ಯಾರೂ ಇರಲಿಲ್ಲ. ಅವನು ರಿಸೀವರನ್ನು ಒಮ್ಮೆ ನೋಡಿ, ಚಾಪೆಯ ಕಡೆ ತಿರುಗಿ, "ಮಿಲ್ಲು ನಿಂತೋಗಿರ್ಬೇಕು, ಮಡುಗ್ಬುಟ್ಳು," ಎಂದು ನಕ್ಕ. ನಾನು ಬಾನಿಯಿಂದ ಇಳಿದೆ. ಅವ್ವನಿಗೆ ಎಲ್ಲ ಕೇಳಿಸಿತ್ತು.

ಮರುದಿನ ಬೆಳಗ್ಗೆ ಅವ್ವ ಹಾಲು ಕರೆಯುತ್ತಿದ್ದಾಗ ಗೋಡೆಯಾಚೆಯಿಂದ ದನಿ ಬಂತು.

"ಅಕ್ಕ."

ಅವ್ವ ಅದನ್ನು ಕೋಳಿಗಳಿಗೆ ಹೇಳಿದ ಮಾತೆಂದುಕೊಂಡು ಕರೆಯುವುದನ್ನು ಮುಂದುವರಿಸಿದಳು.

"ಅಕ್ಕ, ನಿನ್ನೇ ಕಣಕ್ಕ."

ಹಾಲಿನ ಚೆಂಬು ಅವ್ವನ ತೊಡೆಯ ಸಂದಿಯಿಂದ ಜಾರಿತು. "ಬ್ಯಾಡ ಕಣೆ! ಸುಮ್ಕಿರು! ಆಣೆ…"

"ಆಣೆ ಬೀಳೋದು ಬಿದ್ದಾಗದೆ ಕಣಕ್ಕ ಅದರ ತಲೆ ಮ್ಯಾಲೆ. ಇನ್ನೇನ್ ಬೀಳ್ತದೆ? ರಾತ್ರಿಯೇ ಅದರಪ್ಪನ ಮುಂದೆ ಎಲ್ಲಾ ಏಳ್ದೆ. ಪೋನ್ ಮಾಡಿ ಕೊಡು. ನಾನು ಬಾ ಅನ್ಬೇಕು."

ಅಷ್ಟು ವರ್ಷಗಳ ಮೇಲೆ ಆ ಇಬ್ಬರು ಆಡಿದ ಮೊದಲ ಮಾತುಗಳು ಇವು. ಅವ್ವ ಒದ್ದೆ ಸೀರೆಯಲ್ಲೇ ನಡುಮನೆಗೆ ಓಡಿ, ರಿಸೀವರೆತ್ತಿ, ಅಪ್ಪನತ್ತ ನೋಡಿದಳು. ಆಗಲೇ ನಮಗೆ ತಿಳಿದದ್ದು, ನಾವು ಯಾರೂ ಆ ಅಂಗಡಿಯ ನಂಬರು ಕೇಳಿರಲಿಲ್ಲ. ಕರೆ ಯಾವಾಗಲೂ ಅತ್ತಲಿಂದ ಬರುತ್ತಿತ್ತು. ಅದಕ್ಕೊಂದು ಹಿಂದಿರುಗುವ ದಾರಿ ಬೇಕೆಂಬುದು ನಮಗೆ ತೋಚಿರಲಿಲ್ಲ. ಅಪ್ಪ ಸೈಕಲ್ಲು ತುಳಿದು ಲೈನ್‌ಮ್ಯಾನನ ಬಳಿ ಹೋದ. ಅಂಗಡಿಯ ಹೆಸರು, ಯಜಮಾನನ ಹೆಸರು ಏನೂ ತಿಳಿಯದೆ ಮಿಲ್ಲಿನ ಪಕ್ಕದ್ದು ಎಂದರೆ ಬೇರೆ ತಾಲ್ಲೂಕಿನ ಎಕ್ಸ್‌ಚೇಂಜಿನವರು ನಂಬರು ಎಲ್ಲಿಂದ ಕೊಡುತ್ತಾರೆಂದು ಅವನು ಕೇಳಿದನಂತೆ. ಕೊಟ್ಟರೂ ಎತ್ತುವವನು ಅಂಗಡಿಯವನು. ಅವನಿಗೆ ಏನೆಂದು ಹೇಳುವುದು?

ಚಿಕ್ಕಪ್ಪನೇ ಹೋಗಿ ಕರೆತರಬಹುದಿತ್ತು. ಅವನು ಅಂದು ಗದ್ದೆಗೂ ಹೋಗದೆ ಎತ್ತಿನ ಪಕ್ಕ ಕುಳಿತಿದ್ದ. ಚಿಕ್ಕವ್ವ ಅವನನ್ನು ಬೇಡಿಕೊಳ್ಳುವುದು ನಮಗೆ ಕೇಳುತ್ತಿತ್ತು. ಅವನ ಉತ್ತರವೂ ಕೇಳುತ್ತಿತ್ತು.

"ಆಣೆ ಮುರಿದಿರೋ ಮನೆ ಇದು. ಇಲ್ಲಿಗೆ ಅವಳ್ನ ಕರ್ಕಂಬಂದು ಮಡುಗುದ್ರೆ ಏನಾಯ್ತದೋ ಏನೋ. ನಾನೇ ಕೈಯಿಟ್ಟೆ ಕಣೆ ಆ ತಲೆ ಮ್ಯಾಲೆ. ನಾನೇ."

ಅವನು ಕಟುಕನೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಆ ದನಿ ಕಟುಕನದಾಗಿರಲಿಲ್ಲ. ತಾನೇ ಹಾಕಿದ ಬೀಗದ ಕೈ ಎಲ್ಲಿದೆಯೆಂದು ತಿಳಿಯದವನದಾಗಿತ್ತು.

ಅಪ್ಪ ಹೋದ. ಮರುದಿನ ಬೆಳಗಿನ ಬಸ್ಸಿಗೆ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಹೊಣಕೆರೆಗೆ, ಅಲ್ಲಿಂದ ನಡೆದು. ಸಂಜೆಯ ಬಸ್ಸಿಗೆ ಒಬ್ಬನೇ ಹಿಂದಿರುಗಿದ. ಗೋಡೆಯ ಪಕ್ಕದಲ್ಲೇ ನಿಂತು, ಎರಡೂ ಕಡೆಗೆ ಕೇಳುವಂತೆ, ಯಾವ ಎಮ್ಮೆಯನ್ನೂ ನಡುವೆ ತರದೆ ಹೇಳಿದ. ಅವರು ಚೆನ್ನಾಗಿಯೇ ನೋಡಿಕೊಂಡರು. ಕಾಫಿ ಕೊಟ್ಟರು, ಊಟಕ್ಕೆ ಎಬ್ಬಿಸಿದರು. ಅತ್ತೆಯಾದವಳು ಬಾಗಿಲಿನ ಬಳಿಯೇ ಕುಳಿತಿದ್ದಳು. "ಅಪ್ಪನೋರಿಗೆ ಪುರುಸೊತ್ತಿಲ್ವಾ, ದೊಡ್ಡಪ್ಪನೋರು ಬಂದವ್ರೆ? ನಿಮಗೂ ಅವ್ರಿಗೂ ಮಾತೇ ಇಲ್ಲ ಅಂತಿದ್ರು," ಎಂದಳು. ಜಯಕ್ಕ ಬಡಿಸಲು ಬಂದಾಗ ಅಪ್ಪ ತಗ್ಗಿದ ದನಿಯಲ್ಲಿ, "ನಿಮ್ಮವ್ವ ಬಾ ಅಂದವ್ಳೆ ಕಣವ್ವ, ಏಳು ಓಗನ," ಎಂದ. ಅವಳು ಸಾರಿನ ಸೌಟನ್ನು ತಟ್ಟೆಯ ಮೇಲೆ ಹಿಡಿದೇ ಇದ್ದಳು.

"ಅಬ್ಬಕ್ಕಲ್ವಾ ದೊಡ್ಡಪ್ಪ? ಅವ್ವನೇ ಏಳವ್ಳೆ. ಚೆಂದಾಗಿವ್ನಿ ಅಂತ ಏಳು."

"ಪೋನಲ್ಲಿ ಅಂತಿದ್ಲಲ್ಲ," ಎಂದ ಅಪ್ಪ ನಮಗೆ, "ಅದೇ ದನಿ. ಎದುರ್ಗೇ ನಿಂತಿದ್ಲು, ಆದ್ರೂ ಅದೇ ದನಿ."

ಹಬ್ಬಕ್ಕೆ ಅವಳು ಬಂದಳು. ಗಂಡನೊಡನೆ ಬಂದು ಗಂಡನೊಡನೆಯೇ ಹೋದಳು. ಅಡುಗೆಮನೆಯಲ್ಲಿ ಚಿಕ್ಕವ್ವ ಅವಳ ಕೈ ಹಿಡಿದು ಕೇಳಿದಾಗ, "ಯಾವತ್ತಿನ ಮಾತು ಬುಡವ್ವ," ಎಂದು ಕೈ ಬಿಡಿಸಿಕೊಂಡಳಂತೆ. ಅವಳು ಈಗಲೂ ಅದೇ ಊರಿನಲ್ಲಿದ್ದಾಳೆ, ಅಜ್ಜಿಯಾಗಿದ್ದಾಳೆ. ಎರಡೂ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿರುವ ಗುಂಪೊಂದು ನಮ್ಮ ಮೊಬೈಲುಗಳಲ್ಲಿದೆ. ಅದರಲ್ಲಿ ಎಲ್ಲರಿಗಿಂತ ಮೊದಲು ಬೆಳಗಿನ ಶುಭಾಶಯದ ಹೂವಿನ ಚಿತ್ರ ಹಾಕುವವಳು ಜಯಕ್ಕ. ಕೆಲವೊಮ್ಮೆ ನಾನು ಅವಳೊಬ್ಬಳಿಗೇ ಬರೆಯುತ್ತೇನೆ. ಹೇಗಿದ್ದೀಯಕ್ಕ, ನಿಜವಾಗಿ ಹೇಗಿದ್ದೀಯ ಎಂದು. ನೋಡಿದ್ದಾಳೆಂಬುದಕ್ಕೆ ಎರಡು ನೀಲಿ ಗೆರೆ ಮೂಡುತ್ತವೆ. ಸ್ವಲ್ಪ ಹೊತ್ತಿಗೆ ಮುಗಿದ ಕೈಗಳ ಚಿತ್ರ ಬರುತ್ತದೆ. ದೂರವೆಂಬುದು ಇನ್ನಿಲ್ಲ ಎಂದು ಆ ಅಧಿಕಾರಿ ಹೇಳಿದ್ದು ಸುಳ್ಳಲ್ಲ. ನನ್ನ ಅಂಗೈಯಲ್ಲಿಯೇ ಅವಳಿದ್ದಾಳೆ, ಮತ್ತು ನಾನು ಅವಳಿಗಾಗಿ ಮಾಡಬಹುದಾದದ್ದು ಒಂದೂ ಇಲ್ಲ.

ಆದರೆ ಆ ಮನೆಯನ್ನು ನೆನೆದಾಗ ನನ್ನ ಮನಸ್ಸು ಹೋಗಿ ನಿಲ್ಲುವುದು ಇಲ್ಲಿ ಅಲ್ಲ; ಅಪ್ಪ ಒಬ್ಬನೇ ಹಿಂದಿರುಗಿದ ಮೇಲೆ ಬಂದ ಆ ರಾಗಿ ಬೀಸುವ ದಿನದ ಸಂಜೆಯಲ್ಲಿ. ಆಚೆ ಚಾಪೆ ಹಾಸಿರಲಿಲ್ಲ. ಚಿಕ್ಕಪ್ಪ ತಾನಾಗಿಯೇ ಎತ್ತನ್ನು ಹಿಡಿದುಕೊಂಡು ನಾಲೆಯ ಕಡೆಗೆ ಹೊರಟುಹೋಗಿದ್ದ. ಬೀದಿಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಹೋಗಿದ್ದ. ಫೋನು ಗೋಡೆಯ ಮೇಲಿತ್ತು. ಈಚೆ ಅವ್ವ, ಆಚೆ ಚಿಕ್ಕವ್ವ, ಒಬ್ಬರಿಗೊಬ್ಬರು ಕಾಣದೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಮೊದಲು ಸಾರಿಗೆ ಏನು ಮಾಡಿದೆ, ಕಾಲು ನೋವು ಹೇಗಿದೆ ಎಂದು ಮಾತಾಡಿದರು. ಅಷ್ಟು ವರ್ಷಗಳ ಮಾತು ಬಾಕಿಯಿತ್ತು, ಆದರೂ ಅವರ ಮಾತು ಬೇಗ ಮುಗಿಯಿತು. ಹೆಂಚಿನ ಮೇಲಿನ ಬಿಸಿಲು ಏರಿ ಏರಿ ಅಂಚಿನಲ್ಲಿ ಆರಿಹೋಯಿತು. ಜಯಕ್ಕ ಕರೆ ಮಾಡುವ ಹೊತ್ತು ಬಂತು, ಕಳೆಯಿತು. ಮಿಲ್ಲಿನವನು ಬಾಗಿಲು ಹಾಕುವ ಹೊತ್ತೂ ಕಳೆದಿರಬೇಕು.

"ಅಕ್ಕ, ಅದು ಕೆಟ್ಟೋಗದೋ ಏನೋ ನೋಡು," ಎಂದಳು ಚಿಕ್ಕವ್ವ.

ಅವ್ವ ಎದ್ದು, ರಿಸೀವರನ್ನು ಕಿವಿಗಿಟ್ಟುಕೊಂಡು ಕೇಳಿದಳು. ಒಂದೇ ಸಮನೆ ಊ ಎನ್ನುವ ಸದ್ದು ಅದರಲ್ಲಿತ್ತು. ಪಕ್ಕದಲ್ಲಿದ್ದ ನನಗೂ ಅದು ಕೇಳಿತು. ಅವ್ವ ಕೈಯೆತ್ತಿ ರಿಸೀವರನ್ನು ಗೋಡೆಯಾಚೆಗೆ ಇಳಿಬಿಟ್ಟಳು.

"ನೀನೂ ಕೇಳು. ಸರಿಯಾಗೇ ಅದೆ ಕಣೆ."

ತಂತಿ ಆಚೆಗೆ ಸ್ವಲ್ಪ ಎಳೆದುಕೊಂಡಿತು.

"ಊ, ಅದೆ," ಎಂದಳು ಚಿಕ್ಕವ್ವ. "ಮಡುಗ್ಬುಡಕ್ಕ, ಮಡುಗು. ನಾವು ಇಡ್ಕಂಡಿದ್ರೆ ಮಗೀಗೆ ಲೈನು ಸಿಗಾಕಿಲ್ಲ."